ಎರಡೂ ಕಡೆ ಲೆಕ್ಕ ಇಡುವ ಮೀಟರು

"ಅಂಕಲ್, ಒಂದು ಮೀಟರ್‌ಗೆ ಇಷ್ಟ್ ದೊಡ್ಡ ಪೆಂಡಾಲಾ!" ಎಂದು ನಗುತ್ತಲೇ ಸೋಲಾರ್ ಕಂಪನಿಯ ಹುಡುಗ ಮುಬೀನ್ ಗೇಟು ತಳ್ಳಿಕೊಂಡು ಒಳಗೆ ಬಂದ. ಅವನ ಕಂಕುಳಲ್ಲಿ ಹೊಸ ಮೀಟರಿನ ಡಬ್ಬವಿತ್ತು, ಹಿಂದೆ ಏಣಿ ಹೊತ್ತ ಲೈನ್‌ಮನ್ ಇದ್ದ. ತಮ್ಮ ತಾರಸಿಯ ಸೋಲಾರ್ ಶುರುವಾದ ದಿನ ಕೆಂಪಾಪುರದ ಆ ಗಲ್ಲಿಗೆಲ್ಲ ಜಾಮೂನು ಹಂಚುತ್ತೇನೆಂದು ಪಂಚಪ್ಪನವರು ಹೇಳುತ್ತಲೇ ಇದ್ದರು. ಬಾಡಿಗೆ ಕುರ್ಚಿಗಳನ್ನು ಕಂಡ ಮುಬೀನ್, ಪುಣ್ಯಾತ್ಮ ಹೇಳಿದಂತೆ ಮಾಡಿಯೇಬಿಟ್ಟರು ಎಂದುಕೊಂಡಿದ್ದ.

ಯಾರೂ ನಗಲಿಲ್ಲ. ಹಾರಗಳ ನಡುವೆ ಪಂಚಪ್ಪನವರ ಮುಖ ಕಂಡಾಗ ಮುಬೀನ್ ಡಬ್ಬವನ್ನು ಅಪ್ಪಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದ.

"ನಿನ್ನೆ ಸಾಯಂಕಾಲ ಫೋನಲ್ಲಿ ಮಾತಾಡಿದ್ರಲ್ಲ... ನಾಳೆ ಬಂದೇಬಿಡು ಅಂದ್ರು."

"ಫೋನ್ ಇಟ್ಟು ಸೋಲಾರ್ ಪ್ಲೇಟ್ ಒರ್ಸಕ್ಕೆ ಮೇಲಕ್ ಹೋದ್ರು," ಎಂದರು ಪಕ್ಕದ ಮನೆಯ ಸುಬ್ಬಮ್ಮ. "ಇಳಿದು ಬಂದು, ಈಗ ನೀನು ಕೂತಿದ್ದೀಯಲ್ಲ, ಅಲ್ಲೇ ಕೂತ್ರು. ನೀರ್ ಕೊಡು ಅಂದ್ರಂತೆ. ತರೋಷ್ಟ್ರಲ್ಲಿ ಇಲ್ಲ ಕಣಪ್ಪ."

ಮುಬೀನ್ ದಿಗ್ಗನೆ ಎದ್ದು ನಿಂತ.

ಹೆಂಡತಿ ರತ್ನಕ್ಕ ತಲೆಯ ಬಳಿ ಕುಳಿತಿದ್ದರು. ಅತ್ತಿರಲಿಲ್ಲ. "ಅತ್ಬಿಡಿ, ಹಗುರಾಗುತ್ತೆ" ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಸಾವಿನ ಮನೆಯಲ್ಲಿ ಉಪದೇಶಕ್ಕೇನು ಬರವೇ. ಗಂಡನಿಗೆಂದು ತಂದ ಆ ನೀರಿನ ಲೋಟ ಇನ್ನೂ ರತ್ನಕ್ಕನ ಕೈಯಲ್ಲಿತ್ತು. ಯಾರು ಕೇಳಿದರೂ ಕೊಟ್ಟಿರಲಿಲ್ಲ.

*

ಪಂಚಪ್ಪ ರಾಯಚೂರಿನ ಕಡೆಯಿಂದ ಬಂದು ಹೆಬ್ಬಾಳದ ಕಾಲೇಜೊಂದರಲ್ಲಿ ಅಟೆಂಡರ್ ಆಗಿದ್ದರು. ಸಂಜೆ ಎಲ್ಲರೂ ಹೋದ ಮೇಲೆ ಕೋಣೆ ಕೋಣೆಗೆ ಹೊಕ್ಕು ಫ್ಯಾನು, ದೀಪ ಆರಿಸಿ ಬೀಗ ಹಾಕುವುದರಲ್ಲೇ ಅವರ ನೌಕರಿ ಮುಗಿಯಿತು. ನಿವೃತ್ತರಾದಾಗ ಮಗ ಕಾರು ಎಂದ, ಹೆಂಡತಿ ಕಾಶಿ ಎಂದರು. ಅವರು ತಾರಸಿಗೆ ಸೋಲಾರ್ ಹಾಕಿಸಿದರು.

"ಜೀವಮಾನ ಪೂರ್ತಿ ಮಂದಿ ಹಚ್ಚಿದ್ದು ಆರ್ಸೀನಿ," ಎಂದಿದ್ದರು. "ಒಮ್ಮಿ ನಾ ಕರೆಂಟ್ ಕೊಡ್ತೀನಿ, ಮಂದಿ ಹಚ್ಚಿಕೊಳ್ಳಲಿ."

"ನಮ್ಮ ಕರೆಂಟ್ ಮಂದಿಗ್ಯಾಕ?" ಎಂದು ರತ್ನಕ್ಕ ಕೇಳಿದ್ದರು.

"ನಮಗ ಸಾಕಾಗಿ ಉಳದದ್ದು ಬೀದಿ ತಂತಿಗಿ ಹೋಗ್ತದ. ಅದಕ್ಕ ಒಳಗ ಬಂದದ್ದು, ಹೊರಗ ಹೋದದ್ದು ಎರಡೂ ಕಡಿ ಲೆಕ್ಕ ಇಡೋ ಮೀಟರ್ ಬೇಕು."

ಆ ಮೀಟರಿಗಾಗಿ ಕಚೇರಿ ಅಲೆದು ಅಲೆದು ಚಪ್ಪಲಿ ಸವೆಸಿದರು. ಅದು ಬರುವವರೆಗೆ ಸೋಲಾರ್ ಚಾಲೂ ಮಾಡುವಂತಿಲ್ಲ. ಆದರೂ ದಿನವೂ ಮೇಲೆ ಹತ್ತಿ ಪ್ಲೇಟುಗಳ ಧೂಳು ಒರೆಸುತ್ತಿದ್ದರು. "ಹಾಲು ಕೊಡದ ಎಮ್ಮಿ ಮೈ ತೊಳದಂಗ ಆತು ನಿಮ್ಮ ಕೆಲಸ" ಎಂದು ರತ್ನಕ್ಕ ಹಂಗಿಸಿದರೆ, ನಕ್ಕು ಬಟ್ಟೆ ಹಿಂಡಿಕೊಳ್ಳುತ್ತಿದ್ದರು.

*

"ಇಷ್ಟ್ ದಿನ ಅಲೆಸಿ, ಅಪ್ಪ ಹೋದ್ಮೇಲೆ ಬಂದ್ರಾ?" ಮಗ ಶಿವಪ್ರಕಾಶ ಲೈನ್‌ಮನ್ ಮೇಲೆ ಏರಿ ಹೋದ. "ತಗೊಂಡ್ ಹೋಗ್ರೀ ಆಚೆ!"

ಲೈನ್‌ಮನ್ ತಲೆ ತಗ್ಗಿಸಿದ. "ಹೋಗ್ತೀವಿ ಸಾರ್. ಆದ್ರೆ ಮಂಜೂರಾಗಿರೋದು ಅವರ ಹೆಸ್ರಲ್ಲಿ. ವಾಪಸ್ ಹೋದ್ರೆ ಹೆಸ್ರು ಬದ್ಲಾಯ್ಸಿ ಮತ್ತೆ ಮೊದ್ಲಿಂದ ಅಲೀಬೇಕಾಗುತ್ತೆ."

"ಯಾವನಿಗ್ ಬೇಕ್ರೀ? ಆ ಪ್ಲೇಟೆಲ್ಲ ಕಿತ್ತು ಗುಜರಿಗೆ ಹಾಕ್ತೀನಿ. ಅದನ್ನ ಒರ್ಸಕ್ ಹೋಗೇ ಅಪ್ಪ..."

"ಮೀಟರ್ ಹಾಕ್ರಿ," ಎಂದರು ರತ್ನಕ್ಕ. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು. "ಅವ್ರು ಇನ್ನಾ ಮನ್ಯಾಗ ಅದಾರ. ಹೊರಗ ಒಯ್ಯೋದ್ರಾಗ ಹಾಕ್ರಿ."

ಬಂಧುಗಳು ಮುಖ ಮುಖ ನೋಡಿಕೊಂಡರು. ಪಾಪ, ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ಸುಬ್ಬಮ್ಮ ಮಾತ್ರ ಎದ್ದು ತಮ್ಮ ಮನೆಗೆ ಹೋದರು. ಲೈನ್‌ಮನ್ ಮನೆಯ ದೀಪ, ಫ್ಯಾನುಗಳನ್ನೆಲ್ಲ ಆರಿಸಿದ. ಮುಬೀನ್ ಡ್ರಿಲ್ ಹೊರಗೆ ತೆಗೆದ, ಹೆಣದ ಕಡೆ ನೋಡಿದ, ಮತ್ತೆ ಚೀಲಕ್ಕೆ ಹಾಕಿ ಸ್ಕ್ರೂಗಳನ್ನು ಕೈಯಲ್ಲೇ ತಿರುಗಿಸಿದ.

ಅತ್ತ ಚಟ್ಟ ಸಿದ್ಧವಾಯಿತು, ಇತ್ತ ಮೀಟರು ಕೂತಿತು. ರತ್ನಕ್ಕ ಎದ್ದು ಬಂದು, ಲೋಟ ಹಿಡಿಯದ ಕೈಯಿಂದ ಸೋಲಾರಿನ ಸ್ವಿಚ್ ಒತ್ತಿದರು.

ಏನೂ ಆಗಲಿಲ್ಲ.

"ಇದೂ ಹೋತೇನಪಾ?" ಅವರು ಮುಬೀನ್ ಕಡೆ ತಿರುಗಿದರು.

"ಇಲ್ಲಮ್ಮ. ಲೈನ್ ಸರಿ ಇದ್ಯಾ ಅಂತ ಸ್ವಲ್ಪ ಹೊತ್ತು ನೋಡ್ಕೊಂಡು ಆಮೇಲೆ ಸೇರ್ಕೊಳ್ಳುತ್ತೆ," ಎಂದ ಮುಬೀನ್. ಹೊರುವವರೂ ಕಾದರು. ಕೊನೆಗೆ ಮೀಟರಿನ ಅಂಕಿ ಮಿನುಗಿತು. "ಹಾ, ಬಂತು! ಮನೇಲಿ ಏನೂ ಹಾಕಿಲ್ವಲ್ಲ, ಎಲ್ಲ ಆಚೆ ಹೋಗ್ತಿದೆ."

"ಎಲ್ಲಿಗಿ?"

"ಹತ್ರದಲ್ಲಿ ಯಾರು ಬಳಸ್ತಿದ್ರೆ ಅವ್ರಿಗೆ."

ಆಗಲೇ ಗೋಡೆಯಾಚೆ ಸುಬ್ಬಮ್ಮನ ಮಿಕ್ಸಿ ಗುರ್ ಎಂದಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮಣ್ಣು ಮಾಡಿ ಬಂದವರ ಊಟಕ್ಕೆ ಅಲ್ಲಿ ಖಾರ ರುಬ್ಬುತ್ತಿದ್ದರು.

"ಹೊತ್ತಾಯ್ತು, ಎತ್ರಪ್ಪ," ಎಂದರು ಹಿರಿಯರು. ನಾಲ್ವರು ಬಾಗಿದರು.

"ತಡೀರಿ, ಮಂದಿ ಹಚ್ಚಿಕೊಂಡಾರ," ಎಂದು ರತ್ನಕ್ಕ ಚಟ್ಟಕ್ಕೆ ಅಡ್ಡ ಬಂದು ಕೈ ಚಾಚಿ ನಿಂತರು. ಗೋಡೆಯಾಚೆ ಮಿಕ್ಸಿ ನಿಲ್ಲುವವರೆಗೂ ಯಾರಿಗೂ ಎತ್ತಲು ಬಿಡಲಿಲ್ಲ.