ಮೂರು ಬಣ್ಣದ ಮುಚ್ಚಳ, ಒಂದೇ ವಿಷ

ದರ್ಜಿಯ ಎಲೆಕೋಸಿನ ಪಾತಿಗೆ ಹಸಿರು ಹುಳು ಬಿದ್ದು ಎಲೆಗಳೆಲ್ಲ ಜರಡಿಯಾಗಿದ್ದವು. ಕೆಂಪು ಮುಚ್ಚಳದ ಔಷಧಿ ಹೊಡೆದ. ಮೊದಮೊದಲು ಹುಳುಗಳು ಸತ್ತವು, ಆಮೇಲೆ ಜಗ್ಗಲಿಲ್ಲ. ನೀಲಿ ಮುಚ್ಚಳದ್ದು ತಂದ, ಹಳದಿ ಮುಚ್ಚಳದ್ದೂ ತಂದ. ಹುಳುಗಳು ಆರಾಮಾಗಿ ಮೇಯುತ್ತಲೇ ಇದ್ದವು. ನೀರು ಬೆರೆಸಿ ಮಾರುತ್ತೀಯ ಎಂದು ಅಂಗಡಿಯವನನ್ನು ಬೈದದ್ದೂ ಆಯಿತು. ಕೊಯ್ಲಿಗೆ ಇನ್ನು ಮೂರೇ ವಾರ. ಈ ಸಲವೂ ಕೋಸು ಕೈತಪ್ಪಿದರೆ ಪಾತಿಯನ್ನೇ ಅಗೆದು ಹಾಕುತ್ತೇನೆಂದು ಹೆಂಡತಿಗೆ ಹೇಳಿ, ಮೂರು ಪಟ್ಟು ಔಷಧಿ ಅಳೆಯಲು ಕೂತ.

ಅಷ್ಟರಲ್ಲಿ ಕೃಷಿ ಕಚೇರಿಯಲ್ಲಿ ಕೆಲಸ ಮಾಡುವ ಹೆಂಡತಿಯ ತಂಗಿ ಬಂದಳು.

"ಭಾವ, ಹೊಡೀತಿರೋದು ಹುಳಕ್ಕೋ, ನಿಮಗೋ?"

"ಮೂರು ಔಷಧಿ ಬದಲಾಯಿಸಿದೀನಿ ಕಣಮ್ಮ. ಹುಳಕ್ಕೆ ಅಭ್ಯಾಸ ಆಗ್ಬಿಟ್ಟಿದೆ."

ಅವಳು ಅವನಿಗೆ ಕನ್ನಡಕ ಹಾಕಿಸಿ, ಬಾಟಲಿಗಳ ಮೇಲಿನ ಸಣ್ಣಕ್ಷರ ಓದಿಸಿದಳು. ಮೂರರಲ್ಲೂ ಇದ್ದದ್ದು ಒಂದೇ ವಿಷ. ದರ್ಜಿಯ ಮುಖ ಸಣ್ಣಗಾಯಿತು.

"ಅಭ್ಯಾಸ ಅಲ್ಲ ಭಾವ. ಕಾಜ ಕಿರಿದಾದ್ರೆ ಗುಂಡಿ ಹೋಗುತ್ತಾ? ವಿಷ ಗುಂಡಿ ಇದ್ದ ಹಾಗೆ. ಹುಳದ ನರದಲ್ಲಿರೋ ಕಾಜದಲ್ಲಿ ಅದು ಕೂತ್ರೇನೇ ಹುಳ ಸಾಯೋದು. ಎಲ್ಲೋ ಒಂದೊಂದು ಹುಳಕ್ಕೆ ಹುಟ್ಟಿನಿಂದ್ಲೇ ಆ ಕಾಜದ ಆಕಾರ ಚೂರು ಬೇರೆ."

ಇನ್ನು ಕೆಲವು ಹುಳುಗಳ ಮೈಯಲ್ಲಿ ವಿಷವನ್ನು ಒಡೆದುಹಾಕುವ ಕಿಣ್ವ ಹೆಚ್ಚಿರುತ್ತದೆ ಎಂದಳು. ಒಂದೇ ವಿಷ ಮತ್ತೆ ಮತ್ತೆ ಬಿದ್ದರೆ ಮಿಕ್ಕವೆಲ್ಲ ಸತ್ತು ಇಂಥವೇ ಉಳಿಯುತ್ತವೆ. ವಂಶವಾಹಿಯ ಮೂಲಕ ಆ ಗುಣ ಮರಿಗಳಿಗೂ ಹೋಗುತ್ತದೆ.

"ಹಂಗಾದ್ರೆ ಗಟ್ಟಿ ಹುಳಗಳನ್ನ ಆರಿಸಿ ಸಾಕಿದ್ದು ನಾನೇ ಅನ್ನು."

"ಬಹಳ ಶ್ರದ್ಧೆಯಿಂದ ಸಾಕಿದ್ರಿ."

ನರಕ್ಕಲ್ಲ, ಹುಳದ ಹೊಟ್ಟೆಗೆ ಪೆಟ್ಟು ಕೊಡುವ ಬೇರೆ ಬಗೆಯ ಜೈವಿಕ ಔಷಧಿಯನ್ನು ಅವಳು ಸೂಚಿಸಿದಳು. ದರ್ಜಿ ಗೊಣಗುತ್ತಲೇ ಅದನ್ನು ತಂದು, ಬಾಟಲಿಯ ಚೀಟಿಯಲ್ಲಿದ್ದ ಅಳತೆಗೆ ಸರಿಯಾಗಿ ಕಲಸಿ ಹೊಡೆದ. ಎರಡನೇ ದಿನ ಹುಳು ಮೇಯುವುದನ್ನು ನಿಲ್ಲಿಸಿತು. ನಾಲ್ಕನೇ ದಿನ ಉದುರತೊಡಗಿತು. ವಾರದ ಮೇಲೆ ಒಳಗಿನ ಎಲೆ ಒಂದೂ ತೂತಿಲ್ಲದೆ ಸುತ್ತಿಕೊಂಡದ್ದನ್ನು ಕಂಡು ದರ್ಜಿ ಪಾತಿಯ ಬದಿಯಲ್ಲೇ ಕುಕ್ಕರಿಸಿ ನಿರಾಳವಾಗಿ ಉಸಿರು ಬಿಟ್ಟ. ಸಂಜೆ ಅಂಗಡಿಗೆ ಹೋಗಿ ತಪ್ಪಾಯಿತೆಂದೂ ಹೇಳಿ ಬಂದ.

ನೀವೂ ಕೇಳಿ. ಹುಳು ಸಾಯದಿದ್ದರೆ ಅಳತೆ ಏರಿಸಬೇಡಿ, ಮುಚ್ಚಳದ ಬಣ್ಣ ನಂಬಬೇಡಿ. ಒಳಗಿನ ವಿಷದ ಹೆಸರು ಓದಿ, ಬೇರೆ ರೀತಿ ಕೆಲಸ ಮಾಡುವ ಔಷಧಿಗೆ ಬದಲಾಯಿಸಿ. ತಿಳಿಯದಿದ್ದರೆ ಕೃಷಿ ಕಚೇರಿಯ ಬಾಗಿಲು ತಟ್ಟಿ. ನಾಚಿಕೆ ಯಾಕೆ? ಅವರು ಅಲ್ಲಿ ಕೂತಿರುವುದೇ ಅದಕ್ಕೆ.