ಹತ್ತು ಮೀಟರಿನ ಗೆರೆ

ದ್ವೀಪಕ್ಕೆ ಜನರನ್ನು ಸಾಗಿಸುವ ದೋಣಿ ನಡೆಸಲು ನನಗೆ ಲೈಸೆನ್ಸ್ ಬೇಕಿತ್ತು. ಎರಡು ಸಲ ಫೇಲಾಗಿದ್ದೆ. ಇದೂ ಕೈತಪ್ಪಿದರೆ ಇನ್ನೆರಡು ವರ್ಷ ಐಸ್ ಕಾರ್ಖಾನೆಯಲ್ಲಿ ಗಡ್ಡೆ ಹೊರುವುದೇ ಗತಿ.

ಮೂರನೇ ಸಲದ ಪರೀಕ್ಷೆಗೆ ಹೊರಟಾಗ ಬಿಸಿಲಿತ್ತು. ಬಂದರಿಗೆ ಮರಳುವಾಗ ಮಂಜು ಕವಿದು ದೋಣಿಯ ಮೂತಿಯೇ ಕಾಣದಾಯಿತು. ಪರೀಕ್ಷಕರು ಹಿಂದಿನ ಹಲಗೆಯ ಮೇಲೆ ಅಂಕಪಟ್ಟಿ ಹಿಡಿದು ಕುಳಿತಿದ್ದರು. ಸಹಾಯಕ್ಕೆ ಬಂದಿದ್ದ ಮಗಳು ಜಿಪಿಎಸ್ ನೋಡಿ ಅಂಕಿ ಓದಿದಳು. ನಾನು ಕಡಲ ನಕ್ಷೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಗುರುತು ಬಿದ್ದದ್ದು ದಡದ ಗುಡ್ಡದ ಮೇಲೆ!

"ಅಮ್ಮಾ, ನಾವೀಗ ಬೆಟ್ಟ ಹತ್ತುತ್ತಾ ಇದೀವಿ. ಚಪ್ಪಲಿ ಹಾಕ್ಕೊಳ್ಲಾ?"

"ತಲೆಹರಟೆ ಆಮೇಲೆ. ಇನ್ನೊಂದ್ಸಲ ಓದು."

ಅದೇ ಅಂಕಿ. ಆಗ ಹೊಳೆಯಿತು. ವಾರವಿಡೀ ಅಡುಗೆಮನೆಯ ಮೇಜಿನ ಮೇಲೆ ಅಭ್ಯಾಸ ಮಾಡಿದ್ದು ಮಾವನವರ ಹಳೆಯ ನಕ್ಷೆಯಲ್ಲಿ. ಜಿಪಿಎಸ್ಸನ್ನೂ ಅದಕ್ಕೇ ಹೊಂದಿಸಿಟ್ಟಿದ್ದೆ. ಪರೀಕ್ಷಕರು ಇಂದು ಕೊಟ್ಟದ್ದು ಹೊಸ ನಕ್ಷೆ. ಎರಡರ ಅಳತೆಯ ಮೂಲವೇ ಬೇರೆ; ಒಂದೇ ಅಂಕಿಗೆ ಇನ್ನೂರು ಮೀಟರು ವ್ಯತ್ಯಾಸ. ಎಡಗಡೆಯ ಬಂಡೆಸಾಲು ಅಷ್ಟೂ ದೂರವಿರಲಿಲ್ಲ.

"ಸೆಟ್ಟಿಂಗ್ ಬದಲಾಯಿಸ್ಲಾ?"

"ನೀನು ಹುಡುಕೋ ಅಷ್ಟರಲ್ಲಿ ಸೆಳೆತ ನಮ್ಮನ್ನ ಬಂಡೆಗೆ ಬಡಿದಿರುತ್ತೆ. ಬಿಡು ಅದನ್ನ. ಆಳ ಅಳೆಯೋ ಯಂತ್ರ ಎಷ್ಟು ತೋರಿಸ್ತಿದೆ?"

"ಹದಿನಾಲ್ಕು."

ನಕ್ಷೆಯಲ್ಲಿ ಹತ್ತು ಮೀಟರು ಆಳದ ಗೆರೆ ಬಂಡೆಗಳ ಹೊರಬದಿಗೆ ನೂಲು ಹಿಡಿದಂತೆ ಬಂದರಿನ ಬಾಯಿಯವರೆಗೆ ಸಾಗಿತ್ತು. ಉಬ್ಬರದ ಒಂದು ಮೀಟರು ಸೇರಿಸಿದರೆ ಹನ್ನೊಂದು; ಆ ಅಂಕಿ ಬಿಡದಿದ್ದರೆ ಗೆರೆಯ ಮೇಲೇ ಇದ್ದಂತೆ. ಕಣ್ಣು ಕಾಣದಿದ್ದರೇನು, ತಳ ತಡವಿಕೊಂಡು ಹೋದರಾಯಿತು! ಚುಕ್ಕಾಣಿಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದೆ.

"ಹದಿಮೂರು... ಹನ್ನೆರಡು... ಹನ್ನೊಂದು!"

"ಕೂಗ್ತಾನೇ ಇರು."

"ಹನ್ನೊಂದು. ಹತ್ತು. ಎಂಟು! ಅಮ್ಮಾ, ಎಂಟು!"

ಎಡಕ್ಕೆ ಬಿಳಿ ನೊರೆ ಭೋರೆಂದಿತು. ಬಲಕ್ಕೆ ಎಳೆದೆ. ದೋಣಿ ಓಲಾಡಿ, ಪರೀಕ್ಷಕರ ಟೋಪಿ ಅವರ ಮಡಿಲಿಗೆ ಬಿತ್ತು. ಒಂಬತ್ತು, ಹತ್ತು, ಹನ್ನೊಂದು. ಮಗಳ ದನಿ ಏರುತ್ತಿತ್ತು. ನನಗೋ ಮೈಯೆಲ್ಲ ಕಿವಿ.

ಆಗ ಕೇಳಿಸಿತು, ಗಂಟೆ! ದಾರಿ ತೋರಲು ಬಂದರಿನ ಬಾಯಲ್ಲಿ ತೇಲಬಿಟ್ಟ, ಗಂಟೆ ಕಟ್ಟಿದ ಕೆಂಪು ಪೀಪಾಯಿ ಮಂಜು ಸೀಳಿಕೊಂಡು ಕೈಗೆಟಕುವಷ್ಟು ಹತ್ತಿರ ಬಂತು.

ಪರೀಕ್ಷಕರು ಅಂಕಪಟ್ಟಿಯಲ್ಲಿ ಏನೋ ಗೀಚಿದರು. "ಜಿಪಿಎಸ್ಸನ್ನ ಹೊಸ ನಕ್ಷೆಗೆ ಹೊಂದಿಸ್ದೇ ಹೊರಟಿದ್ದಕ್ಕೆ ಅಂಕ ಕಡಿತ."

"ಎಷ್ಟು ಸಾರ್?"

"ಫೇಲ್ ಮಾಡೋವಷ್ಟಲ್ಲಮ್ಮಾ. ಮೊದ್ಲು ದೋಣಿ ಕಟ್ಟು."

ಮಗಳು ಕಿರುಚಿದ ರಭಸಕ್ಕೆ ದಡದಲ್ಲಿದ್ದವರು ಓಡಿಬಂದರು. ಹಗ್ಗ ಎಸೆದೆ. ಎರಡು ಸಲ ಗುರಿ ತಪ್ಪಿತು.