ಶರಾವತಿ ಕೋಂ ಗಿರಿಯಪ್ಪ, ವಯಸ್ಸು ಇಪ್ಪತ್ತೆರಡು

ಕಿಟಕಿಯ ಸರಳಿನ ನೆರಳು ಮೇಜಿನ ಮೇಲೆ ಒಂದು ಬೆರಳಿನಷ್ಟು ಸರಿದಿದೆ, ಅಂದರೆ ಹತ್ತು ನಿಮಿಷ ಕಳೆದಿರಬೇಕು, ರಕ್ತ ಹೆಪ್ಪುಗಟ್ಟಿ ಮೇಲೆ ನೀರು ಬಿಡುವುದಕ್ಕೆ ಇನ್ನೂ ಇಪ್ಪತ್ತು ನಿಮಿಷ ಬೇಕು, ಅಲ್ಲಿಯ ತನಕ ಆ ನಳಿಗೆಯ ಕಡೆ ನೋಡಬಾರದು ಎಂದುಕೊಂಡ ಗಿರಿಯಪ್ಪ, ನೋಡಿದ, ಕೆಂಪಗೇ ಇದೆ, ತಳದಿಂದ ಬಾಯಿಯವರೆಗೆ ಕೆಂಪು, ಹೆಂಡತಿಯ ರಕ್ತ, ಬೆಳಿಗ್ಗೆ ಅವನೇ ಅವಳ ತೋಳಿಗೆ ರಬ್ಬರು ಬಿಗಿದು ಎಳೆದದ್ದು, ನನ್ ನರ ಹುಡುಕೂಕೆ ಎಂತಕ್ಕೆ ಇಷ್ಟು ಹೊತ್ತು, ದಿನಾ ಕ್ಯಾಂಪಿನೋರಿಗೆಲ್ಲ ಚುಚ್ಚೋರು ನೀವೇ ಅಲ್ದಾ ಎಂದು ಶರಾವತಿ ನಕ್ಕಿದ್ದಳು, ನಗುವಾಗ ಒಣಗಿದ ತುಟಿ ಸೀಳಿತ್ತು — ಹೊರಗೆ ಲಾರಿಯೊಂದು ಸಿಮೆಂಟಿನ ಮೂಟೆ ಹೊತ್ತು ಅಣೆಕಟ್ಟೆಯ ಕಡೆ ಏರುತ್ತಿದೆ, ಕಪಾಟಿನ ಗಾಜು ನಡುಗಿತು, ಸ್ಟ್ಯಾಂಡಿನಲ್ಲಿ ನಳಿಗೆಯೂ ನಡುಗಿತು, ಅಲುಗಬಾರದು, ಅಲುಗಿದರೆ ಕಣ ಒಡೆದು ನೀರೂ ಕೆಂಪಾಗುತ್ತದೆ, ಆಗ ಬಣ್ಣ ತಿಳಿಯುವುದಿಲ್ಲ, ತಿಳಿಯದಿದ್ದರೆ ಒಳ್ಳೆಯದೇನೋ. ಕಾರ್ಗಲ್ಲಿನ ಪಕ್ಕದ ಈ ಕ್ಯಾಂಪಿನಲ್ಲಿ ಕಂಟ್ರಾಕ್ಟರರ ದವಾಖಾನೆಗೆ ಇದೊಂದು ಲ್ಯಾಬು, ಲ್ಯಾಬಿಗೆ ಇವನೊಬ್ಬ, ಎದುರಿಗೆ ಬಿಚ್ಚಿಟ್ಟ ರಿಜಿಸ್ಟರು, ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಬಿಲ್ಲೆ ನಂಬರು. ನಾಯಿಗೆ ಕಾಲಂ ಇಲ್ಲ. ಕೆಲಸದವರ ಹೆಂಡತಿ ಮಕ್ಕಳ ರಕ್ತ ಪುಕ್ಕಟೆ ನೋಡಬಹುದು, ಮನೆಯ ನಾಯಿ ಹಂಡನ ರಕ್ತ ನೋಡುವುದಕ್ಕೆ ಯಾರೂ ಬಿಡುವುದಿಲ್ಲ, ಅದಕ್ಕೇ ಹದಿನಾರು ದಿನದ ಹಿಂದಿನ ಸೋಮವಾರ ಏನೂ ಯೋಚಿಸದೆ ಬರೆದ, ಶರಾವತಿ ಕೋಂ ಗಿರಿಯಪ್ಪ, ವಯಸ್ಸು ಇಪ್ಪತ್ತೆರಡು, ಬರೆದ ಮೇಲೆ ನಗು ಬಂದಿತ್ತು, ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಹೇಳಿ ನಗಿಸಬೇಕು ಎಂದುಕೊಂಡಿದ್ದ.

ಹಂಡ ಅವಳ ತವರಿನ ನಾಯಿ, ತವರೇ ನೀರಿನೊಳಗೆ ಹೋದ ಮೇಲೆ ಎತ್ತಿನ ಗಾಡಿಯ ಹಿಂದೆ ನಡೆದುಕೊಂಡೇ ಬಂದದ್ದು, ನೀರು ಏರಿದಂತೆ ಇಲಿಗಳೂ ಏರಿ ಬಂದವು, ಬಿಲ ಮುಳುಗಿದ ಇಲಿಗಳೆಲ್ಲ ಕ್ವಾರ್ಟರ್ಸಿನ ಸೌದೆ ಕೊಟ್ಟಿಗೆಗೆ, ಅಕ್ಕಿ ಚೀಲಕ್ಕೆ, ಹಂಡನಿಗೆ ಹಬ್ಬ, ದಿನಕ್ಕೆ ಎಂಟು ಹತ್ತು ಹಿಡಿದು ಹೊಸಿಲಿನ ಮೇಲೆ ಸಾಲಾಗಿ ಇಡುತ್ತಿತ್ತು, ನೋಡಿ ನಮ್ಮಪ್ಪನ ಮನೆ ನಾಯಿ ಕೂತು ತಿನ್ನೂದಲ್ಲ, ದುಡೀತದೆ ಎಂದು ಅವಳು ಜಂಬ ಕೊಚ್ಚಿದ್ದಳು, ಆಮೇಲೆ ಒಂದು ದಿನ ಅದು ಇಲಿ ಹಿಡಿಯಲಿಲ್ಲ, ಅನ್ನವನ್ನೂ ಮೂಸಲಿಲ್ಲ, ಹಿತ್ತಲಿಗೆ ಹೋಗಲಾರದೆ ಒಲೆಯ ಹತ್ತಿರವೇ ಉಚ್ಚೆ ಹೊಯ್ಯಿತು, ಕಷಾಯದ ಬಣ್ಣ, ಇದರ ಲಿವರ್ ಹೋಗಿರಬೇಕು, ರಕ್ತ ನೋಡಿಯೇಬಿಡೋಣ ಎಂದ ಅವನಿಗೆ ಅದೊಂದು ಹುರುಪು. ಬಿಲಿರುಬಿನ್ ಎಂದರೆ ಪಿತ್ತದ ಬಣ್ಣ, ಲಿವರ್ ಕೆಟ್ಟರೆ ರಕ್ತದಲ್ಲಿ ನಿಲ್ಲುವುದು, ಗೋಡೆಗೆ ಅಂಟಿಸಿದ ಪಟ್ಟಿಯ ಪ್ರಕಾರ ಒಂದರ ತನಕ ಸರಿ, ಒಂದು ದಾಟಿದರೆ ಕಾಮಾಲೆ, ಬಂದದ್ದು ಸೊನ್ನೆ ಬಿಂದು ಒಂಬತ್ತು. ನಾರ್ಮಲ್ ಎಂದು ಬರೆದ, ಡಾಕ್ಟರೂ ನೋಡದೆ ರುಜು ಹಾಕಿದರು, ಮನೆಗೆ ಬಂದು ಹೇಳಿದ, ಏನೂ ಆಗಿಲ್ಲ ನಿನ್ನ ಹಂಡಂಗೆ, ಒಳಗೇ ಮಲಗಲಿ ಬಿಡು, ಚಳಿ — ಒಳಗೇ ಮಲಗಲಿ ಬಿಡು ಎಂದದ್ದು ಯಾರು, ಅವನೇ, ಈ ಬಾಯಿ — ಪಟ್ಟಿ ಮನುಷ್ಯರದ್ದು, ಹೆಸರೂ ಮನುಷ್ಯರದ್ದೇ, ಆ ಹೆಸರಿನ ಎದುರು ಬಂದ ಅಂಕಿಯನ್ನು ಬೇರೆ ಹೇಗೆ ಓದುತ್ತಾನೆ. ಹನ್ನೆರಡು ದಿವಸ ಅವಳು ಒಲೆಯ ಮುಂದಿನ ಉಚ್ಚೆಯನ್ನು ಬರಿಗೈಯಲ್ಲಿ ಬಾಚಿ ಸಗಣಿ ಬಳಿದಳು, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ ಅದರ ಬಾಯೊಳಗೆ ಬೆರಳು ತೂರಿಸಿ ಕುಡಿಸಿದಳು, ಮೀನು ಹೆಚ್ಚುವಾಗ ಮೆಟ್ಟುಗತ್ತಿ ತಾಗಿದ ಹೆಬ್ಬೆರಳು, ಬಟ್ಟೆ ಸುತ್ತಿಕೋ ಎಂದರೆ ಸುತ್ತಿದರೆ ಕೆಲಸ ಆಗಬೇಕಲ್ಲ ಎನ್ನುತ್ತಾಳೆ.

ಹೋದ ಶನಿವಾರ ಹಂಡನ ಒಸಡು ಅರಿಸಿನ ಮೆತ್ತಿದ ಹಾಗಾಗಿತ್ತು, ಮತ್ತೆ ರಕ್ತ ಎಳೆದ, ಮತ್ತೆ ಅದೇ ಹೆಸರು ಬರೆದ, ಈ ಸಲ ನಳಿಗೆಯಲ್ಲಿ ಕೆಂಪು ಕೆಳಗಿಳಿದು ಮೇಲೆ ನಿಂತದ್ದು ಹಳದಿ, ಎಳ್ಳೆಣ್ಣೆಯಂಥ ದಟ್ಟ ಹಳದಿ, ಬಿಲಿರುಬಿನ್ ಆರು, ಯೂರಿಯಾ ನೂರ ಹತ್ತು, ಬಿಳಿಕಣ ಎರಡು ಪಟ್ಟು. ದವಾಖಾನೆಯ ಡಾಕ್ಟರು, ಮೈಸೂರು ಕಡೆಯವರು, ವರದಿ ಹಿಡಿದುಕೊಂಡು ಬಾಗಿಲಿಗೇ ಬಂದರು, ಏನಯ್ಯ ಗಿರಿಯಪ್ಪ, ಈ ಲೆಕ್ಕದಲ್ಲಿ ನಿನ್ ಹೆಂಡ್ತಿಗೆ ಪ್ರಜ್ಞೆನೇ ಇರಬಾರದು, ಆಯಮ್ಮ ಈಗ್ತಾನೆ ನಲ್ಲಿ ಹತ್ರ ಎರಡು ಕೊಡ ಜಾಸ್ತಿ ಹಿಡ್ಕೊಂಡು ಜಗಳ ಆಡ್ತಿದ್ರಲ್ಲ. ನಾಯೀದು ಸಾರ್ ಎಂದು ಒಪ್ಪಿಕೊಂಡಾಗ ಅವರು ಹೊಟ್ಟೆ ಹಿಡಿದು ನಕ್ಕರು, ಅಯ್ಯೋ ಪುಣ್ಯಾತ್ಮ, ಹೆಂಡ್ತಿ ಹೆಸರು ನಾಯಿಗಿಟ್ಟೋನು ನೀನೊಬ್ನೇ ಕಣಯ್ಯ, ಆಮೇಲೆ ನಗು ನಿಲ್ಲಿಸಿ, ಸಾಗರದಲ್ಲಿ ದನದ ಡಾಕ್ಟರಿಗೆ ಒಂದ್ಸಲ ತೋರ್ಸು ಎಂದರು. ನಿನ್ನೆ ಹೋಗಿ ತೋರಿಸಿದರೆ ದನದ ಡಾಕ್ಟರು ನಗಲಿಲ್ಲ. ಎರಡು ಚೀಟಿಯನ್ನೂ ಪಕ್ಕಪಕ್ಕ ಇಟ್ಟು, ಮೊದಲನೇದು ನಾರ್ಮಲ್ ಅಂತ ಯಾರು ಬರೆದದ್ದು ಮಾರಾಯ್ರೆ, ನಾಯಿಗೆ ಅರ್ಧ ದಾಟಿದ್ರೇ ಸಮ ಇಲ್ಲ ಅಂತ ಲೆಕ್ಕ, ಆಗ್ಲೇ ಸುರು ಆಗಿತ್ತು ಇದು, ಬರೀ ಲಿವರ್ ಕೆಟ್ಟಿದ್ರೆ ಯೂರಿಯಾ ಹಿಂಗೆ ಏರೂದಿಲ್ಲ, ಮೂತ್ರಪಿಂಡವೂ ಹೋಗಿದೆ, ಎರಡೂ ಒಟ್ಟಿಗೇ ಹೋಗೂದು ಅಂದ್ರೆ ಇಲಿ ಉಚ್ಚೆಯಿಂದ ಬರೂ ಕಾಯಿಲೆ ಅಂತ ನನ್ನ ಗುಮಾನಿ, ನಾಯಿಯಿಂದ ಮನ್ಷರಿಗೂ ಬರ್ತದೆ, ಮನೇಲಿ ಯಾರಿಗಾದ್ರೂ ಜ್ವರ, ಕಾಲಿನ ಮೀನಖಂಡ ನೋವು, ಕಣ್ಣು ಕೆಂಪು? ಇಲ್ಲ ಎಂದ ಗಿರಿಯಪ್ಪ, ತಟ್ಟನೆ, ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದ ಹುಡುಗನ ಹಾಗೆ. ತಾಳಗುಪ್ಪದ ಹತ್ತಿರ ಬಸ್ಸು ಕೆಟ್ಟು ನಿಂತಾಗ, ಜನ ಇಳಿದು ಎಲೆಯಡಿಕೆ ಹಾಕಿಕೊಳ್ಳುವಾಗ, ಕಾಲು ಒತ್ತಿಕೊಳ್ಳುತ್ತ ಕೂತ ಶರಾವತಿ ಕಣ್ಣಿಗೆ ಬಂದಳು, ನಲ್ಲಿ ನೀರು ಹೊತ್ತು ಹೊತ್ತು ಕಾಲೆಲ್ಲ ಒಡೀತದೆ ಅಂದಿದ್ದಳಲ್ಲ, ಕಣ್ಣು ಕೆಂಪಾದದ್ದಕ್ಕೆ ಹಸಿ ಸೌದೆಯ ಹೊಗೆ ಅಂದಿದ್ದಳಲ್ಲ.

ನಾಲ್ಕು ದಿವಸದಿಂದ ಜ್ವರವಂತೆ, ನಿನ್ನೆ ಸಂಜೆ ಹಣೆ ಮುಟ್ಟಿದ ಮೇಲೆ ಹೇಳಿದಳು, ಎಂತಕ್ಕೆ ಹೇಳ್ಲಿಲ್ಲ ಅಂದರೆ, ಹೇಳಿದ್ರೆ ನೀವು ಹಂಡನ್ನ ಹೊರಗೆ ಹಾಕ್ತಿದ್ರಿ, ಅದಕ್ಕೆ ನನ್ ಬಿಟ್ರೆ ಯಾರಿದ್ದಾರೆ, ನಮ್ಮೂರಿನ ಪೈಕಿ ಉಳಿದದ್ದು ಅದೊಂದು ನಾನೊಂದು — ಐದು ತಿಂಗಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹೇಳಿದಳು, ಆ ಕೈಯ ಹೆಬ್ಬೆರಳು. ಬೆಳಿಗ್ಗೆ ಎಲ್ಲ ಕೇಳಿಸಿಕೊಂಡ ದವಾಖಾನೆಯ ಡಾಕ್ಟರು, ಬಣ್ಣ ನೋಡಿ ಬಂದು ಹೇಳು, ಹಳದಿ ಇದ್ರೆ ಯೂರಿಯಾ ಗೀರಿಯಾ ಅಂತ ಕಾಯೋದು ಬೇಡ, ಪೆನ್ಸಿಲಿನ್ ಕೊಟ್ಟು ಈಗ್ಲೇ ಶಿವಮೊಗ್ಗಕ್ಕೆ ಜೀಪು ಕಳಿಸ್ತೀನಿ ಎಂದಿದ್ದಾರೆ, ಸಂಜೆಯೊಳಗೆ ಕಾಡಿನ ರಸ್ತೆ ದಾಟಬೇಕು. ರಿಜಿಸ್ಟರಿನಲ್ಲಿ ಇವತ್ತಿನ ಸಾಲು ಖಾಲಿ, ಬೆಳಿಗ್ಗೆಯಿಂದ ಪೆನ್ನು ಹಿಡಿದು ಎರಡು ಸಲ ಇಟ್ಟಿದ್ದಾನೆ, ಈ ಸಲ ನಿಜವಾದ ಹೆಸರನ್ನೇ ಬರೆಯಬೇಕು, ಆ ಹೆಸರನ್ನು ಆಗಲೇ ಎರಡು ಸಲ ಬರೆದು ಮುಗಿಸಿದ್ದಾನೆ, ಎದುರಿಗೆ ಆರು, ಎದುರಿಗೆ ನೂರ ಹತ್ತು, ಬರೆದದ್ದೆಲ್ಲ ನಾಯಿಯದು, ಆದರೆ ಓದಿದವರು ಯಾರು ನಂಬುತ್ತಾರೆ, ಅವನಿಗೇ ಈಗ ನಂಬಿಕೆ ಸಾಲುತ್ತಿಲ್ಲ. ನೆರಳು ಮೂರು ಬೆರಳು ಸರಿದಿದೆ. ನೋಡಲೇಬೇಕು. ಕೆಂಪಿನ ಮೇಲೆ ಏನೋ ನಿಂತಿದೆ, ತಿಳಿಯಾಗಿದೆ, ಕಿಟಕಿಯ ಬಿಸಿಲಿಗೆ ಎಲ್ಲವೂ ಹಾಗೆ ಕಾಣುತ್ತದೆ, ಬಿಸಿಲಿನ ಬಣ್ಣವೇ ಅದು, ನೆರಳಿಗೆ ಹಿಡಿಯಬೇಕು, ಹಿಂದೆ ಬಿಳಿ ಕಾಗದ ಇಡಬೇಕು, ಹಾಗೆಯೇ ಕಲಿಸಿದ್ದು, ಇಟ್ಟ — ಗಿರಿಯಪ್ಪ, ಏನಾಯ್ತಯ್ಯ, ಡ್ರೈವರ್ ಕೇಳ್ತಿದಾನೆ ಎಂದು ಆಚೆ ಕೋಣೆಯಿಂದ ಡಾಕ್ಟರು, ಬಂದೆ ಸಾರ್ ಅನ್ನಬೇಕು, ಕಾಲು ಎತ್ತಬೇಕು, ಕೆಂಪು ಕೆಳಗೆ, ಹಿಂದೆ ಬಿಳಿ ಕಾಗದ, ಕಾಗದದ ಎದುರು ಹಳದಿ, ಬಂದೆ ಸಾರ್, ಹಳದಿ, ಎಳ್ಳೆಣ್ಣೆಯಂಥ ದಟ್ಟ